ಚುಕ್ಕಿ ದಾಟಿದ ಕಂಬಗಳು

ಮೊನ್ನೆ ಒಲೆಯ ಮೇಲೆ ಹುರುಳಿ ಉಕ್ಕಿ, ಅದರ ಮಣ್ಣಿನಂಥ ವಾಸನೆ ಮನೆಯೆಲ್ಲ ತುಂಬಿತು. ಜೊತೆಗೇ ಆ ಸಂಜೆ ನೆನಪಾಯಿತು. ಚಾಮರಾಜಪುರಂನ ನಮ್ಮ ಓಣಿಯಲ್ಲಿ ಪಕ್ಕದ ಮನೆಯ ಅಂಕಲ್ ಟಾಂಗಾ ಬಿಚ್ಚಿ, ಚುಕ್ಕಿಗೆ ಬೇಯಿಸಿದ ಹುರುಳಿ ಇಡುತ್ತಿದ್ದರು. ಚುಕ್ಕಿ ಅವರ ಹೆಣ್ಣು ಕುದುರೆ, ಇಪ್ಪತ್ತು ದಾಟಿತ್ತು. ಅವರ ಹೆಂಡತಿ, ನಾನು ಆಂಟಿ ಅನ್ನುತ್ತಿದ್ದವರು, ಕಾಂಪೌಂಡಿನಾಚೆಯಿಂದ ದೂರು ಹೇಳಿದರು: "ನೋಡಮ್ಮ, ಕಟ್ಕೊಂಡಿದ್ದು ನನ್ನ, ಸಂಸಾರ ಮಾಡೋದು ಕುದುರೆ ಜೊತೆ." ಅಂಕಲ್ ನಕ್ಕರು. ಅಷ್ಟೇ... ಮಾರನೆಯ ಬೆಳಿಗ್ಗೆ ಅಂಕಲ್ ಹಾಸಿಗೆಯಿಂದ ಏಳಲಿಲ್ಲ; ನಿದ್ದೆಯಲ್ಲೇ ತೀರಿಕೊಂಡಿದ್ದರು.

ಮೂರು ತಿಂಗಳು ಚುಕ್ಕಿ ನುಗ್ಗೆಮರದ ಕೆಳಗೆ ನಿಂತೇ ಇತ್ತು. ಬೆನ್ನಿನ ಎರಡೂ ಕಡೆ ಮಾಂಸ ಇಳಿಯಿತು, ಕಾಲು ಬಿಗಿದುಕೊಂಡಿತು. ಪಶುವೈದ್ಯರು ಬಂದು ನೋಡಿ, "ಕಾಯಿಲೆ ಏನೂ ಇಲ್ಲ. ಆದ್ರೆ ಹೀಗೇ ನಿಂತಿದ್ರೆ ಒಂದಿನ ಮಲಗುತ್ತೆ, ಮತ್ತೆ ಏಳಲ್ಲ," ಎಂದರು. ಅಂಕಲ್‌ರ ತಮ್ಮನಿಗೆ ಅಷ್ಟು ಸಾಕಾಯಿತು. ಯಾರಿಗೋ ಕೊಟ್ಟುಬಿಡಲು ಮಾತಾಡಿಕೊಂಡೇ ಬಂದರು.

"ಮುದಿ ಕುದುರೆ ಇಟ್ಕೊಂಡು ಏನ್ ಮಾಡ್ತೀರಾ ಅತ್ತಿಗೆ? ಬುಟ್ಬುಡಿ."

"ನನಗೂ ಅರವತ್ತೆಂಟು ಕಣಪ್ಪ. ನನ್ನನ್ನೂ ಅದೇ ಲಾರಿ ಹತ್ತಿಸ್ಬುಡು."

ಲಾರಿ ಹತ್ತಿದ ಮುದಿ ಕುದುರೆ ಮತ್ತೆ ಯಾವ ಲಾಯಕ್ಕೂ ಹೋಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಕೊನೆಗೆ ಆಂಟಿಯೇ ಪಂಥ ಕಟ್ಟಿದರು. ಕ್ರಿಸ್ಮಸ್ ದಿನ ಚುಕ್ಕಿಯ ಟಾಂಗಾದಲ್ಲಿ ಚರ್ಚಿಗೆ ಬರುತ್ತೇನೆ. ಬರದಿದ್ದರೆ ಹಗ್ಗ ನಿನ್ನ ಕೈಗೆ.

ಆಂಟಿ ಒಂದು ದಿನವೂ ಕುದುರೆ ಹಿಡಿದವರಲ್ಲ. ಆದರೆ ಮೂವತ್ತು ವರ್ಷ ಅಡಿಗೆಮನೆಯ ಕಿಟಕಿಯಿಂದ ನೋಡಿದ್ದರು. ರಸ್ತೆಯ ಲೈಟುಕಂಬಗಳನ್ನೇ ಅಳತೆಗೆ ಇಟ್ಟುಕೊಂಡರು. ಮೊದಲ ವಾರ ಮೂರು ಕಂಬ, ಟಾರು ಬಿಟ್ಟು ಪಕ್ಕದ ಮಣ್ಣಿನ ಮೇಲೆ, ಬರೀ ನಡಿಗೆ. ಮನೆಗೆ ಬಂದು ಸ್ವಲ್ಪ ಹೊತ್ತಾದ ಮೇಲೆ, ಮಗುವಿನ ಜ್ವರ ನೋಡುವಂತೆ, ಕೈಯ ಹಿಂಬದಿಯನ್ನು ಅದರ ಕಾಲಿಗೆ ಮುಟ್ಟಿಸಿ ನೋಡುವರು. ನಾಲ್ಕೂ ತಣ್ಣಗಿದ್ದರೆ ಮುಂದಿನ ವಾರ ಒಂದು ಕಂಬ ಹೆಚ್ಚು. ಒಂದು ಬೆಚ್ಚಗಿದ್ದರೂ ಎರಡು ಕಂಬ ಕಡಿಮೆ. ಭಾನುವಾರ ರಜ. ನಾನೂ ಜೊತೆಗೆ ಹೋಗುತ್ತಿದ್ದೆ; ಚುಕ್ಕಿಯ ಎಡಗಡೆ ನಾನು, ಬಲಗಡೆ ಆಂಟಿ. ನನ್ನ ಅಮ್ಮ ತೀರಿಕೊಂಡ ವರ್ಷ ಅದು; ಬೆಳಿಗ್ಗೆ ಏಳಲು ನನಗೂ ಏನಾದರೂ ಬೇಕಿತ್ತು.

ಮೂಲೆಯ ಅಂಗಡಿಯವರು ದಿನಾ ಕೆಣಕುವರು. "ಏನಾಂಟಿ, ರೇಸಿಗೆ ಬುಡ್ತೀರಾ?"

"ಹೂಂ ಕಣೋ, ನೀನೂ ಬಾ. ಹೊಟ್ಟೆ ನೋಡ್ಕೊ, ಎಂಗಾಗಿದೆ."

ದಸರಾ ಹೊತ್ತಿಗೆ ಹನ್ನೊಂದು ಕಂಬ ಆಗಿತ್ತು. ಆಯುಧಪೂಜೆಯ ದಿನ ನಾನು ತಪ್ಪು ಮಾಡಿದೆ. ಅಂಕಲ್ ಕ್ರೈಸ್ತರಾದರೂ ಪ್ರತಿ ವರ್ಷ ಆ ದಿನ ಟಾಂಗಾ ತೊಳೆದು, ಪೂಜೆಯನ್ನು ನಮ್ಮ ಅಮ್ಮನ ಕೈಯಲ್ಲಿ ಮಾಡಿಸುತ್ತಿದ್ದರು. ಅದು ನಿಲ್ಲಬಾರದೆಂದು ನಾನೇ ಕುಂಬಳಕಾಯಿ ಒಡೆದು, ಚಕ್ರಕ್ಕೆ ನಿಂಬೆಹಣ್ಣಿಟ್ಟು, ಚುಕ್ಕಿಯ ಕೊರಳಿಗೆ ಚೆಂಡುಹೂವಿನ ಹಾರದ ಜೊತೆ ಅದರ ಹಳೆಯ ಗೆಜ್ಜೆಪಟ್ಟಿಯನ್ನೂ ಕಟ್ಟಿದೆ. ಗೆಜ್ಜೆ ಕಟ್ಟಿದರೆ ಕೆಲಸಕ್ಕೆ ಹೊರಡಬೇಕೆಂದು ಆ ಕುದುರೆಗೆ ಗೊತ್ತಿತ್ತು. ನನಗೆ ಹೊಳೆಯಲಿಲ್ಲ. ತಲೆ ಎತ್ತಿತು, ಹಗ್ಗ ಕಿತ್ತುಕೊಂಡಿತು, ಅಂಕಲ್ ಜೊತೆ ದಿನಾ ಬಾಡಿಗೆಗೆ ಹೋಗುತ್ತಿದ್ದ ಅರಮನೆಯ ದಾರಿ ಹಿಡಿದು ಓಡಿತು. ಟಾರಿನ ಮೇಲೆ ಗೊರಸಿನ ಸದ್ದು, ಗೆಜ್ಜೆಯ ಸದ್ದು... ಹಿಡಿದು ತರುವಷ್ಟರಲ್ಲಿ ಮುಂಗಾಲೊಂದು ಊದಿತ್ತು.

ನಾನು ಅತ್ತುಬಿಟ್ಟೆ. ಆಂಟಿ ಬಯ್ಯಲಿಲ್ಲ. ಕಾಲಿಗೆ ತಣ್ಣೀರು ಹೊಯ್ಯುತ್ತಾ, "ನೋಡಿದ್ಯಾ? ಓಡೋ ಆಸೆ ಇನ್ನೂ ಐತೆ ಇವಳಿಗೆ. ಅಳ್ಬೇಡ ಬುಡು," ಎಂದರು. ಆಂಟಿಯ ಮೈದುನ ಬಂದು, "ಮುಗೀತಲ್ಲ ಅತ್ತಿಗೆ?" ಎಂದಾಗ, "ಕ್ರಿಸ್ಮಸ್ ಬಂತಾ? ಕ್ಯಾಲೆಂಡರ್ ನೋಡ್ಕೊಂಡು ಬಾ ಹೋಗು," ಎಂದು ಗೇಟು ಹಾಕಿದರು. ಮೂರು ವಾರ ನಿಲ್ಲಿಸಿ, ಮತ್ತೆ ಮೊದಲ ಕಂಬದಿಂದ ಶುರು ಮಾಡಿದೆವು.

ಕ್ರಿಸ್ಮಸ್ ಬಂದಾಗ ಒಂದೇ ಉಸಿರಿಗೆ ಚರ್ಚು ಮುಟ್ಟುವ ಶಕ್ತಿ ಚುಕ್ಕಿಗೆ ಬಂದಿರಲಿಲ್ಲ. ನಿಜ ಹೇಳಬೇಕೆಂದರೆ ಅರ್ಧದ್ದೂ ಇರಲಿಲ್ಲ. ಆಂಟಿ ಬೆಳಕು ಹರಿಯುವ ಮುಂಚೆಯೇ ಟಾಂಗಾ ಕಟ್ಟಿಸಿದರು; ಹಗ್ಗ ಹಿಡಿದು ನಾನೂ ಹೊರಟೆ. ನಾಲ್ಕು ಕಂಬ ಕೂತು ಹೋಗುವುದು, ನಾಲ್ಕು ಕಂಬ ಇಳಿದು ನಡೆಯುವುದು, ಆಮೇಲೆ ಯಾವುದಾದರೂ ಮರದ ಕೆಳಗೆ ನಿಲ್ಲುವುದು. ಹೊಸ ರೇಷ್ಮೆಸೀರೆಯ ಅಂಚು ಪೂರ್ತಿ ಧೂಳಾಯಿತು. ಕೊನೆಯ ತಿರುವಿನಲ್ಲಿ ಮತ್ತೆ ಹತ್ತಿ, ನೆಟ್ಟಗೆ ಕೂತು, ಚರ್ಚಿನ ಅಂಗಳಕ್ಕೆ ಬಂದರು. ಜನ ಹೊರಗೆ ಬರುತ್ತಿದ್ದರು.

"ಪೂಜೆ ಮುಗಿದೋಯ್ತು ಅತ್ತಿಗೆ," ಎಂದರು ಮೆಟ್ಟಿಲ ಮೇಲಿದ್ದ ಮೈದುನ.

"ಪೂಜೆಗೆ ಬರ್ತೀನಿ ಅಂದಿದ್ನಾ? ಚರ್ಚಿಗೆ ಬರ್ತೀನಿ ಅಂದಿದ್ದೆ. ಬಂದ್ಬುಟ್ಟೆ. ಇವಳಿಗೆ ನೀರು ತಗೊಂಡ್ಬಾ."

ಮೈದುನ ನೀರು ತಂದರು. ಆಂಟಿ ಇರುವ ತನಕ ಆ ಮಾತು ಮತ್ತೆ ಎತ್ತಲಿಲ್ಲ.

ಅದಾಗಿ ಕೆಲವು ವರ್ಷಗಳಾದವು. ಆಂಟಿ ಈ ಬೇಸಿಗೆಯಲ್ಲಿ ತೀರಿಕೊಂಡರು... ಚರ್ಚಿನಲ್ಲಿ ಅವರ ತಿಂಗಳ ಪೂಜೆ ಮುಗಿದ ಮೇಲೆ ಮೈದುನ ನಮ್ಮ ಮನೆಗೆ ಬಂದು, ಇನ್ನಾದರೂ ಕೊಟ್ಟುಬಿಡೋಣ ಎಂದರು. ಕೊಡುವುದಿಲ್ಲ ಎಂದೆ. ಕುದುರೆಯ ವಿಷಯ ನಿಮಗೇನು ಗೊತ್ತು ಎಂದರು. ಗೊತ್ತಿಲ್ಲ, ಕಲಿಯುತ್ತೇನೆ, ಕೊಡುವುದಿಲ್ಲ ಎಂದೆ.

ಚುಕ್ಕಿ ಈಗ ನಮ್ಮ ಕಾಂಪೌಂಡಿನಲ್ಲಿದೆ. ಬೆಳಿಗ್ಗೆ ಇಬ್ಬರೂ ಹೊರಡುತ್ತೇವೆ. ಎಡಗಡೆ ಹಗ್ಗ ಹಿಡಿದು ನಾನು ನಡೆಯುತ್ತೇನೆ. ಬಲಗಡೆ ಯಾರೂ ಇಲ್ಲ.