ಪೈಪಿಗೆ ಸುರಿದ ನೀಲಿ

ಮುಳಬಾಗಿಲಿನಾಚೆಗಿನ ನಮ್ಮೂರಲ್ಲಿ ಅಪ್ಪನಿಗೂ ಚಿಕ್ಕಪ್ಪನಿಗೂ ಸೇರಿ ಒಂದೇ ಬಾವಿ. ಪಂಪು ಬಾವಿಯ ಪಕ್ಕದ ಎತ್ತರದ ತೊಟ್ಟಿಗೆ ನೀರೆತ್ತುತ್ತಿತ್ತು. ಅಲ್ಲಿಂದ ಕೆಳಗಿನ ನಮ್ಮ ಹೊಲದ ತೊಟ್ಟಿಗೆ ನೆಲದಡಿಯ ಪೈಪು. ಅದು ಹಾದು ಬರುತ್ತಿದ್ದದ್ದು ಚಿಕ್ಕಪ್ಪನ ಹಿಪ್ಪುನೇರಳೆ ತೋಟದ ಕೆಳಗೆ. ಅನುಮಾನ ಹುಟ್ಟಲು ಇನ್ನೇನು ಬೇಕು?

ಎಂಬತ್ತರ ದಶಕದ ಶುರುವಿನ ಒಂದು ಬೇಸಿಗೆ. ನಮ್ಮ ಟೊಮೇಟೊ ಬಾಡುತ್ತಿತ್ತು, ಚಿಕ್ಕಪ್ಪನ ಸೊಪ್ಪು ಮಾತ್ರ ಕಣ್ಣು ಕುಕ್ಕುವಷ್ಟು ಹಸಿರು. ಅಪ್ಪ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಬಟ್ಟೆಗೆ ಹಾಕುವ ನೀಲಿಯನ್ನು ಚೊಂಬಿನಲ್ಲಿ ಕದಡಿ, ಮೇಲಿನ ತೊಟ್ಟಿಯಲ್ಲಿ ಪೈಪಿನ ಬಾಯಿಗೆ ಸುರಿದು ಟವೆಲ್ ಬೀಸಿದರು. ಕೆಳಗೆ ಅವರ ಗಡಿಯಾರ ಕಟ್ಟಿಕೊಂಡು ನಿಂತಿದ್ದ ನಾನು, ನೀಲಿಯ ಮೊದಲ ಎಳೆ ಕಂಡ ಕೂಡಲೇ ಕೂಗಿದೆ. ನೀಲಿ ಬರಲು ಹಿಡಿದ ಹೊತ್ತು, ಪೈಪಿನ ಉದ್ದ, ಅದರ ಬಾಯಿಯ ಅಗಲ ಎಲ್ಲ ಸೇರಿಸಿ ಅಪ್ಪ ಲೆಕ್ಕ ಹಾಕಿದರು: ಒಂದು ಗಂಟೆಯಲ್ಲಿ ನಮ್ಮ ತೊಟ್ಟಿ ತುಂಬಬೇಕು. ತುಂಬಿದ್ದು ಐದರಲ್ಲಿ ನಾಲ್ಕು ಪಾಲು. ಉಳಿದ ಒಂದು ಪಾಲು ಎಲ್ಲಿಗೆ ಹೋಯಿತೆಂದು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ.

ಅಪ್ಪ ಬಾಯಿಬಿಟ್ಟೇ ಹೇಳಿದರು. ನಮ್ಮ ಮನೆಯಲ್ಲಿ ಕೋಪ ಬಂದರೆ ಕನ್ನಡ ಹೋಗಿ ತೆಲುಗು ಬರುತ್ತದೆ. ಅಂದು ಅಣ್ಣತಮ್ಮಂದಿರಿಬ್ಬರಿಗೂ ಬಂತು. ನಾನೂ ಅಪ್ಪನ ಮಗಳೇ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಚಿಕ್ಕಮ್ಮನ ಒದ್ದೆ ಅಂಗಳದಲ್ಲೂ ನನಗೆ ನಮ್ಮ ನೀರೇ ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ನೋಡಿದರೆ ಚಿಕ್ಕಪ್ಪ ತಾವೇ ಹಾರೆ ಹಿಡಿದು, ಪೈಪು ಕಾಣುವಂತೆ ಉದ್ದಕ್ಕೂ ತೋಟ ಅಗೆಯುತ್ತಿದ್ದರು. ಅವರ ಮನೆಯೊಳಗೆ ರೇಷ್ಮೆಹುಳು ಸೊಪ್ಪಿಗೆ ಹಾತೊರೆಯುತ್ತಿದ್ದ ಸಮಯ. ಇಲ್ಲಿ ಎದೆಯುದ್ದ ಗಿಡಗಳು ಬೇರುಸಮೇತ ಬಿದ್ದಿದ್ದವು. ಅಪ್ಪ ಪೈಪಿನ ಒಂದೊಂದು ಜೋಡಣೆಯನ್ನೂ ಮುಟ್ಟಿ ನೋಡಿದರು. ಎಲ್ಲೂ ಪಸೆಯಿಲ್ಲ.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ತೂತು ಮೊದ್ಲೇ ಮುಚ್ಚಿರ್ತಾನೆ ಕಣೇ,” ಎಂದರು ಅಪ್ಪ ಮನೆಗೆ ಬಂದು. ನಾನು ಹೂಂ ಅಂದೆ.

ರಜೆ ಮುಗಿದು ಕೋಲಾರದ ಕಾಲೇಜಿಗೆ ಹೋದೆ. ಭೌತಶಾಸ್ತ್ರದ ತರಗತಿಯಲ್ಲಿ ಪೈಪಿನ ಪಾಠ ಬಂತು. ಗೋಡೆಗೆ ಅಂಟಿದ ನೀರು ತಡವರಿಸುತ್ತದೆ, ನಡುವಿನದು ಎಲ್ಲಕ್ಕಿಂತ ಮುಂದೆ ಓಡುತ್ತದೆ. ಸುಳಿಸುಳಿಯಾಗಿ ನುಗ್ಗುವ ನೀರಿನಲ್ಲಿ ಸರಾಸರಿ ವೇಗ ಆ ನಡುವಿನ ವೇಗದ ಸುಮಾರು ಐದರಲ್ಲಿ ನಾಲ್ಕು ಪಾಲು. ನಾನು ಕೂಗಿದ್ದು ಮೊದಲ ಎಳೆಗೆ, ಅಂದರೆ ನಡುವಿನ ನೀರಿಗೆ. ಅದರ ಹಿಂದೆ ನೀಲಿ ತೆಳುವಾಗುತ್ತಾ ಎಷ್ಟೋ ಹೊತ್ತು ಬರುತ್ತಲೇ ಇತ್ತು. ಅದನ್ನು ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಶನಿವಾರ ಬಸ್ಸಿಳಿದವಳೇ ಹೇಳಿದೆ. ಅಪ್ಪ ತೊಟ್ಟಿಯ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಮತ್ತೆ ಬರೆದರು. ಲೆಕ್ಕ ಕೂಡಿತು. ಟವೆಲ್ ಹೆಗಲಿಗೆ ಹಾಕಿಕೊಂಡು ತಮ್ಮನ ಮನೆಗೆ ನಡೆದರು; ನಾನೂ ಹಿಂದೆ ಹೋದೆ. ಚಿಕ್ಕಮ್ಮ ಚಾಪೆ ಹಾಸಿ ನೀರು ಕೊಟ್ಟರು.

“ನೀರು ಸರಿಯಾಗೇ ಬರ್ತೈತೆ ಕಣೋ. ನನ್ನ ಲೆಕ್ಕಾನೇ ತಪ್ಪು,” ಎಂದರು ಅಪ್ಪ.

ಚಿಕ್ಕಪ್ಪ ತೆಲುಗಿನಲ್ಲಿ ಬೈಯಲಿ ಅಂತ ನಾನು ಕಾದೆ. ಅವರು ಕನ್ನಡದಲ್ಲೇ, ಮೆತ್ತಗೆ ಹೇಳಿದರು:

“ಅದು ನಂಗೊತ್ತಿತ್ತು ಅಣ್ಣ. ನಿಂಗೂ ಗೊತ್ತಿರ್ಬೇಕಿತ್ತು. ಲೆಕ್ಕ ಹಾಕ್ದೇನೇ.”