ರೋಬೋ ಪಕ್ಕದಲ್ಲಿ ಆಂಜಿನಮ್ಮ

ಬೆಳಿಗ್ಗೆ ಆರೂವರೆ. ಕೋಲಾರದ ಹೊರವಲಯದ ಖಾಸಗಿ ಆಸ್ಪತ್ರೆಯಲ್ಲಿ ಆಂಜಿನಮ್ಮ ಹನ್ನೊಂದು ಪಟ್ಟಿಗಳನ್ನು ಒಂದೊಂದಾಗಿ ಜಗ್ಗಿ ನೋಡುತ್ತಿದ್ದಾರೆ. ಲಕ್ವ ಹೊಡೆದವರನ್ನು ಈ ಪಟ್ಟಿಗಳಲ್ಲಿ ತೂಗುಹಾಕಿ, ಓಡುವ ಬೆಲ್ಟಿನ ಮೇಲೆ ಅವರ ಕಾಲು ಹಿಡಿದು ನಡೆಸುವ ರೋಬೋ ಇಲ್ಲಿಗೆ ಬಂದದ್ದು ಕಳೆದ ವರ್ಷ, 2008ರಲ್ಲಿ. ಕಂಪ್ಯೂಟರ್ ನೋಡಿಕೊಳ್ಳುವವರು ಫಿಸಿಯೋಥೆರಪಿಸ್ಟ್ ಮೃದುಲಾ. ಕಟ್ಟುವುದು, ಬಿಚ್ಚುವುದು, ಬೈಯುವುದು ಆಯಾ ಆಂಜಿನಮ್ಮನ ಪಾಲು.

ಟೇಕಲ್‌ನ ಈ ಹೆಂಗಸಿಗೆ ಈಗ ಐವತ್ತೆರಡು. ಇಲ್ಲಿ ಕಸ ಗುಡಿಸಲು ಸೇರಿದ್ದು 1996ರಲ್ಲಿ. ಅದಕ್ಕೂ ಮೊದಲು ಲಕ್ವ ಹೊಡೆದ ಅತ್ತೆಯನ್ನು ಏಳು ವರ್ಷ ಎತ್ತಿ ಇಳಿಸಿದವರು. “ನಮ್ಮತ್ತೆ ಸಾಯೋಗಂಟ ಒಂದ್ ಹೆಜ್ಜೆ ಇಡ್ಲಿಲ್ಲ. ಇಡಿಸಬೋದು ಅಂತ ನಮ್ಗೂ ಗೊತ್ತಿರ್ಲಿಲ್ಲ” ಎನ್ನುತ್ತಾರೆ. ಆ ಸಂಕಟ ಅವರಿಗಿನ್ನೂ ಆರಿಲ್ಲ.

ದಿನಕ್ಕೆ ಎಂಟು ಮಂದಿ, ತಲಾ ನಲವತ್ತು ನಿಮಿಷ. ರೋಗಿ ಮೈಗಳ್ಳನಾದರೂ ಯಂತ್ರ ನಡೆಸಿಬಿಡುತ್ತದೆ. ಅದಕ್ಕೇ ಆಂಜಿನಮ್ಮ ರೋಗಿಯ ತೊಡೆಯ ಮೇಲೆ ಅಂಗೈ ಇಟ್ಟಿರುತ್ತಾರೆ. “ಮೆತ್ತಗಿದ್ರೆ ಮಿಷನ್ನೇ ಹೊತ್ಕೊಂಡ್ ಹೋಗ್ತೈತೆ ಅಂತ. ಪುಕ್ಕಟೆ ಸವಾರಿ ನಮ್ಮತ್ರ ನಡಿಯಲ್ಲ.” ರೋಗಿ ಕಾಲು ಸಡಿಲ ಬಿಟ್ಟದ್ದನ್ನು ಕಂಪ್ಯೂಟರ್ ಪರದೆಗಿಂತ ಮೊದಲು ಈ ಕೈ ಹೇಳುತ್ತದೆ ಎಂದು ಮೃದುಲಾ ಒಪ್ಪಿಕೊಳ್ಳುತ್ತಾರೆ.

ಇಂಥವರೂ ಈ ಸಲ ಎಡವಿದರು. ಆಯುಧಪೂಜೆಯ ದಿನ ಭಕ್ತಿ ಹೆಚ್ಚಾಗಿ ಬೆಲ್ಟಿಗೂ ಕುಂಕುಮ ಇಟ್ಟರು. ಹಬ್ಬದ ಮಾರನೆಯ ದಿನ ಬಂದ ತಾಯಲೂರಿನ ಮುನಿಯಲ್ಲಮ್ಮ ಅದನ್ನು ಕಂಡು ಗಾಲಿಕುರ್ಚಿ ಬಿಟ್ಟು ಏಳಲಿಲ್ಲ. “ಪೂಜೆ ಮಾಡಿರೋದನ್ನ ತುಳಿಯೋದಾ? ನನ್ ಕೈಲಾಗಲ್ಲಮ್ಮ.” ಒರೆಸಿದರೂ ಅದೇ ಮಾತು. ಎರಡು ದಿನ ಹೀಗೇ ಹೋಯಿತು. ಕಾಲು ಸೆಟೆದುಕೊಳ್ಳತೊಡಗಿತು. ನಾಳೆಯೂ ಹತ್ತದಿದ್ದರೆ ಸರದಿ ಬೇರೆಯವರಿಗೆ ಎಂದರು ಡಾಕ್ಟರು.

ತಪ್ಪು ತಮ್ಮದೇ ಎಂದು ಆಂಜಿನಮ್ಮನಿಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು.

“ಅಕ್ಕಾ, ನಿಮ್ಮನೇಲಿ ಎತ್ತಿನ ಗಾಡಿಗೆ ಪೂಜೆ ಮಾಡಲ್ವಾ?”

“ಮಾಡ್ತೀವಿ.”

“ಮಾರನೇ ದಿನ ಹೆಂಗ್ ಹತ್ತುತೀರಾ?”

“ಕಾಲಿಟ್ಟೇ ಹತ್ತೋದು.”

“ಇದೂ ಗಾಡೀನೇ ಕಣಕ್ಕಾ. ಎತ್ತು ಮಾತ್ರ ನೀನೇ.”

ಸೊಟ್ಟಗಾದ ಬಾಯಲ್ಲೇ ಮುನಿಯಲ್ಲಮ್ಮ ನಕ್ಕುಬಿಟ್ಟರು. ಬಗ್ಗಲಾಗದ ಅವರ ಪರವಾಗಿ ಆಂಜಿನಮ್ಮನೇ ಬೆಲ್ಟು ಮುಟ್ಟಿ, ಆ ಕೈಯನ್ನು ಅವರ ಕಣ್ಣಿಗೊತ್ತಿ, ಪಟ್ಟಿ ಬಿಗಿದರು.

ಅದಾಗಿ ಆರು ವಾರ. ಇವತ್ತು ಮುನಿಯಲ್ಲಮ್ಮನಿಗೆ ಇಲ್ಲಿ ಕೊನೆಯ ದಿನ. ಊರುಗೋಲು ಹಿಡಿದು ತಮ್ಮ ಕಾಲಲ್ಲೇ ಬಾಗಿಲವರೆಗೆ ಹೋದವರು, ಹೇಳಿ ಹೋಗಲೆಂದು ಹಿಂದಕ್ಕೆ ತಿರುಗುತ್ತಾರೆ. ಆಂಜಿನಮ್ಮ ಗದರುತ್ತಾರೆ.

“ನನ್ನೇನ್ ನೋಡ್ತೀಯಕ್ಕಾ? ಮುಂದೆ ನೋಡ್ಕೊಂಡ್ ನಡಿ.”