ಗಂಗಾಳ ಮುಟ್ಟಿ ಸ್ಟೀರಿಯೊ ಆರಿಸುವ ಪ್ರಭುದಾಸ

ಠಾಣಾ ಕುಶನೂರಿನ ಓಣಿಗೆ ಬಿಸಿಲು ಇನ್ನೂ ಇಳಿದಿಲ್ಲ. ಶೇವಂತಾಬಾಯಿಯವರ ಹತ್ತಡಿ ಖೋಲಿಯ ನಡುವೆ ನಿಂತು ಪ್ರಭುದಾಸ ಒಮ್ಮೆ ಚಪ್ಪಾಳೆ ತಟ್ಟುತ್ತಾರೆ, ಗೋಡೆ ನೋಡುತ್ತಾರೆ, ಮತ್ತೊಮ್ಮೆ ತಟ್ಟುತ್ತಾರೆ. ಬೀದರದಿಂದ ಮೊದಲ ಬಸ್ಸಿಗೆ ತಂದ ಚೀಲಗಳಲ್ಲಿ ಎರಡು ಜೋಡಿ ಸ್ಪೀಕರ್‌ಗಳಿವೆ: ಒಂದು ದೊಡ್ಡದು, ಇನ್ನೊಂದು ಸಕ್ಕರೆ ಡಬ್ಬಿಯಷ್ಟು. ಎರಡೂ ಇನ್ನೂ ಹೊರಗೆ ಬಂದಿಲ್ಲ.

"ಬಾಯಿ, ನೀವು ಎಲ್ಲಿ ಕುಂದ್ರತೀರಿ?"

"ಇಲ್ಲೇ, ನೆಲದ ಮ್ಯಾಲ. ಬ್ಯಾಳಿ ಹಸನ ಮಾಡ್ಕೋತ ಕೇಳ್ತೇನಿ."

"ಹಂಗಾದ್ರ ಸ್ಪೀಕರ್ ಎತ್ತರದಾಗ ಇಡೂದು ಬ್ಯಾಡರಿ. ಹಾಡು ನಿಮ್ಮ ತಲಿ ಮ್ಯಾಲಿಂದ ಹೋಗಿಬಿಡ್ತದ."

ಅರವತ್ತೊಂದರ ಪ್ರಭುದಾಸರಿಗೆ ಬೀದರದ ಚಿದ್ರಿಯಲ್ಲಿ ಸಣ್ಣದೊಂದು ಅಂಗಡಿಯಿದೆ. ಮೂವತ್ತೆರಡು ವರ್ಷದ ಹಿಂದೆ ರೇಡಿಯೊ ರಿಪೇರಿಯಿಂದ ಶುರುವಾದದ್ದು, ಈಗ ಸಣ್ಣ ಸ್ಟೀರಿಯೊಗಳಿಗೆ ಬಂದು ನಿಂತಿದೆ. ಖೋಲಿ ನೋಡದೆ ಇವರು ಸೆಟ್ಟು ಕೊಡುವುದಿಲ್ಲ. ಕೈಯಲ್ಲಿ ದುಡ್ಡು ಹಿಡಿದು ಬಂದವರನ್ನೂ ವಾಪಸು ಕಳಿಸುವ ಈ ಹಟಕ್ಕೆ ಪಕ್ಕದ ಅಂಗಡಿಯವರು ತಲೆ ಚಚ್ಚಿಕೊಳ್ಳುತ್ತಾರೆ. ವಾರಕ್ಕೆ ಎರಡು ದಿನ ಔರಾದ ಕಡೆ, ಒಂದು ದಿನ ಭಾಲ್ಕಿ. ಬಸ್ಸು ಕೈಕೊಡದಿದ್ದರೆ ದಿನಕ್ಕೆ ಮೂರು ಖೋಲಿ.

ಜನ ಕೇಳುವುದು ಮದುವೆಯ ಪೆಂಡಾಲಿನಲ್ಲಿ ಎದೆ ನಡುಗಿಸಿದ ಡಬ್ಬಿಯನ್ನೇ. ಅದನ್ನು ಹತ್ತಡಿ ಖೋಲಿಗೆ ತಂದರೆ ಮೊದಲು ಎದ್ದು ಕುಣಿಯುವುದು ಗೋಡೆಗೆ ಜೋಡಿಸಿಟ್ಟ ಸ್ಟೀಲಿನ ಗಂಗಾಳಗಳು, ಊಟದ ತಟ್ಟೆಗಳು. "ಅದು ಹಾಡಲ್ಲರಿ, ಭಾಂಡಿ ಜಗಳ," ಎನ್ನುತ್ತಾರೆ ಪ್ರಭುದಾಸ.

ಆ ಜಗಳವೇ ಎರಡು ವರ್ಷದ ಹಿಂದೆ ಅವರಿಗೆ ಕೇಳಿಸದೆ ಹೋಯಿತು. ಭಾಲ್ಕಿಯ ಮಾಸ್ತರ ನಂದಕುಮಾರರ ಮನೆಗೆ ತಾವೇ ಆರಿಸಿಕೊಟ್ಟ ಸೆಟ್ಟು. ವಾರದಲ್ಲೇ ಫೋನು ಬಂತು. ಅಲ್ಲಿಗೆ ಹೋದದ್ದನ್ನು ಪ್ರಭುದಾಸ ಹೀಗೆ ನೆನೆಯುತ್ತಾರೆ:

"ಗಂಗಾಳ ಹ್ಯಾಂಗ ಗುಂಯ್‌ಗುಡ್ತಾವ ಕೇಳ್ರಿ ಅಂದ್ರು. ಅಲ್ಲೇ ನಿಂತೀನಿ, ನನಗ ಕೇಳಸವಲ್ದು."

ತೆಳ್ಳನೆಯ ಸಣ್ಣ ದನಿಗಳನ್ನು ಹಿಡಿಯುವ ಶಕ್ತಿ ಹೋಗಿದೆ, ಇನ್ನು ತಿರುಗಿ ಬರುವುದಿಲ್ಲ ಎಂದರು ಕಿವಿಯ ಡಾಕ್ಟರು. ಪ್ರಭುದಾಸ ಸೆಟ್ಟು ಬದಲಿಸಿಕೊಟ್ಟು ಬಂದು ಅಂಗಡಿಯ ಶಟರ್ ಎಳೆದವರು ಒಂಬತ್ತು ದಿನ ತೆಗೆಯಲಿಲ್ಲ. ಕಿವಿಯೇ ಬಂಡವಾಳವಾದ ಮನುಷ್ಯ, ಪಾಪ, ಇನ್ನೇನು ಮಾಡಿಯಾರು.

ತೆಗೆಸಿದ್ದು ಹೆಂಡತಿ ಇವಾಂಜಲಿನ. ನಿವೃತ್ತ ನರ್ಸು, ಚರ್ಚಿನಲ್ಲಿ ಹಾಡುವವರು. "ಊಟಾನೂ ಬ್ಯಾಡ ಅಂತ ಕುಂತಿದ್ರು. ನಾ ಅಂದೆ, ನಾಡಿ ಏನ್ ಕಿವೀಲೆ ನೋಡ್ತೇವೇನು? ಬೆರಳೀಲೆ ನೋಡ್ತೇವಲ್ಲ."

ಅಂದಿನಿಂದ ಪ್ರಭುದಾಸ ಗಂಗಾಳದ ನಾಡಿ ಹಿಡಿಯುತ್ತಾರೆ. ಸಣ್ಣ ದನಿಗಳಿಗೆ ಇವಾಂಜಲಿನ ಜೊತೆಗೆ ಬರುತ್ತಾರೆ. ತಮ್ಮ ಕಿವಿಯ ಸಂಗತಿಯನ್ನು ಹೊಸಿಲು ದಾಟುವ ಮೊದಲೇ ಹೇಳಿಬಿಡುವುದು ಅವರ ರೂಢಿ. ಇಂದೂ ಹೇಳಿದ್ದಾರೆ.

ಶೇವಂತಾಬಾಯಿಯ ಕಣ್ಣು ಮಾತ್ರ ದೊಡ್ಡ ಜೋಡಿಯ ಮೇಲೇ ಇದೆ. ತಮ್ಮ ಮಹಿಳಾ ಸಂಘದ ಹಾಡುಗಳು ಪೆನ್‌ಡ್ರೈವಿನಲ್ಲಿವೆ, ಓಣಿಗೆಲ್ಲ ಕೇಳಿಸಬೇಕೆಂಬ ಆಸೆ. ಪ್ರಭುದಾಸ ಮೊದಲು ಆ ದೊಡ್ಡ ಜೋಡಿಯನ್ನೇ ಹಚ್ಚಿ, ಗಂಗಾಳಗಳ ಸಾಲಿನ ಮೇಲೆ ಮೂರು ಬೆರಳಿಟ್ಟು ನಿಲ್ಲುತ್ತಾರೆ. ಬಾಗಿಲ ಬಳಿ ಇವಾಂಜಲಿನ, "ಛಲೋ ಅದ ಅಲ್ಲ?" ಎನ್ನುತ್ತಾರೆ.

"ಇಲ್ಲ. ಕೆಳಗಿಂದ ಮೂರನೇದು ನಡಗ್ಲಿಕತ್ತದ."

ಇವಾಂಜಲಿನ ಹತ್ತಿರ ಬಂದು ಗಂಗಾಳಕ್ಕೆ ಕಿವಿ ಕೊಡುತ್ತಾರೆ. "ಹೌದು," ಎಂದು ನಗುತ್ತಾರೆ. ಗಂಡ ಗೆದ್ದದ್ದಕ್ಕೆ ಇಷ್ಟು ಖುಷಿಪಡುವ ಹೆಂಡಿರು ಅಪರೂಪ.

ಪ್ರಭುದಾಸ ಸಣ್ಣ ಜೋಡಿಯನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ, ಎರಡು ಗಿಡ್ಡ ಸ್ಟೂಲುಗಳ ಮೇಲಿಡುತ್ತಾರೆ. ಹಾಡು ಶುರುವಾಗುತ್ತದೆ; ಅವರ ಬೆರಳು ಮತ್ತೆ ಗಂಗಾಳಗಳ ಮೇಲೆ, ಒಂದೂ ನಡುಗುವುದಿಲ್ಲ. ಮೊರ ಹಿಡಿದು ಕುಳಿತ ಶೇವಂತಾಬಾಯಿಯ ಕೈ ನಿಲ್ಲುತ್ತದೆ.

"ಹಿಂದಿನ ಸಾಲಿನಾಗ, ಆ ತೆಳ್ಳನ ದನಿ. ಅದು ನಮ್ಮ ಸಂಘದ ಮಾಯಾಂದು. ಮೊಬೈಲಿನಾಗ ಒಮ್ಮೀನೂ ಕೇಳಿಸಿದ್ದಿಲ್ಲ. ಇವೇ ಇರಲಿರಿ."

ಪ್ರಭುದಾಸ ಹೆಂಡತಿಯ ಮುಖ ನೋಡುತ್ತಾರೆ. ತನಗೂ ಕೇಳಿಸಿತೆಂದು ಆಕೆ ತಲೆಯಾಡಿಸುತ್ತಾರೆ. ಪ್ರಭುದಾಸ ಗಂಗಾಳದಿಂದ ಬೆರಳು ತೆಗೆದು ಖಾಲಿ ಚೀಲ ಮಡಚುತ್ತಾರೆ.

"ಆ ದನಿ ನನಗ ಕೇಳಸಲಿಲ್ಲರಿ. ಬಾಯಿಗಿ ಕೇಳಿಸ್ತು. ಖೋಲಿ ಅವರದು, ಕೇಳವ್ರೂ ಅವರೇ."